ಕೂತು ಆರಿಸಿದ ಬೇಸ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮುಂಬಯಿ ಹತ್ತಿರದ ಕಲ್ಯಾಣದ ಆ ವಾದ್ಯದಂಗಡಿಗೆ ನಾವು ಹೋದದ್ದು ಭಾನುವಾರ ಎಂದು ನನ್ನ ನೆನಪು. ಆದರೆ ನನ್ನ ಡೈರಿಯಲ್ಲಿ ಅದು ಗುರುವಾರದ ಪುಟದಲ್ಲಿದೆ, ಅದೂ ಎರಡೇ ಸಾಲು: "ಮೂರು ನೋಡಿದೆವು. ಮಾವನಿಗೆ ಮೂರನೆಯದು ಹಿಡಿಸಿತು." ಆ ಡೈರಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ಐದು ಜನರ ನಡುವೆ, ಯಾರಾದರೂ ಓದಿಯಾರು ಎಂದು ಹೆದರಿಕೊಂಡು ಬರೆದದ್ದು ಅದು. ಮೂರನೆಯದು ಮಾವನಿಗೆ ಯಾಕೆ ಹಿಡಿಸಿತು, ಅದರಲ್ಲಿ ನನ್ನ ಪಾಲೆಷ್ಟು ಎಂಬುದು ಅದರಲ್ಲಿಲ್ಲ. ಇನ್ನೊಂದು ಮಾತು. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಇಲ್ಲಿ ಮಾವ ಕನ್ನಡದಲ್ಲಿ ಮಾತಾಡುತ್ತಾರೆ ಎಂದರೆ ಅದು ಅರ್ಧ ಅವರ ಮಾತು, ಅರ್ಧ ನನ್ನದು.

ಮಾವ ಎಂದರೆ ಅಮ್ಮನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮತ್ತು ನಾನು ಡೊಂಬಿವಲಿಯ ಕಾರ್ಖಾನೆ ವಲಯ ಎಂಐಡಿಸಿಯಲ್ಲಿದ್ದ ಅವರ ಮನೆಗೆ ಬಂದೆವು. ಅಲ್ಲಿ ಮಾವ, ಅತ್ತೆ, ಅವರ ಒಬ್ಬಳೇ ಮಗಳು. ಅವಳು ನನಗಿಂತ ಮೂರು ವರ್ಷ ಚಿಕ್ಕವಳು, ನನಗಿಂತ ಒಂದು ಗೇಣು ಎತ್ತರ. ಹಗಲಿನಲ್ಲಿ ಮಾವ ಒಂದು ಕಾರ್ಖಾನೆಯ ಕ್ಯಾಂಟೀನ್ ನಡೆಸುತ್ತಿದ್ದರು. ಮದುವೆಯ ದಿನಗಳಲ್ಲಿ ಅವರದೊಂದು ಬ್ಯಾಂಡ್ ಇತ್ತು. ಊರಲ್ಲಿ, ಉಡುಪಿಯ ಕಡೆ, ಅವರದು ದೇವಸ್ಥಾನದಲ್ಲಿ ವಾದ್ಯ ಊದುವ ಮನೆತನ. ಅವರ ಕೈಯಲ್ಲಿ ಸ್ಯಾಕ್ಸೋಫೋನ್ ನಾಗಸ್ವರದ ಹಾಗೆಯೇ ಮಾತಾಡುತ್ತಿತ್ತು. ಇಲ್ಲಿ ಅದೇ ಸ್ಯಾಕ್ಸೋಫೋನಿನಲ್ಲಿ ಅವರು ಮರಾಠಿ ಮದುಮಗನ ಕುದುರೆಯ ಮುಂದೆ ಸಿನಿಮಾ ಹಾಡು ಊದುತ್ತಿದ್ದರು.

ನನ್ನದು ಬೇಸ್. ನಮ್ಮ ಬ್ಯಾಂಡಿನಲ್ಲಿ ಟ್ಯೂಬಾ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಮೈಸುತ್ತ ಬಳೆಯಂತೆ ಹಾಕಿಕೊಳ್ಳುವ ಹಿತ್ತಾಳೆಯ ದೊಡ್ಡ ಕೊಳವೆ ಅದು, ಅಗಲವಾದ ಬಾಯಿ ತಲೆಯ ಮೇಲೆ ಅರಳಿಕೊಂಡಿರುತ್ತದೆ. ತಲೆಯ ಮೇಲಿಂದ ಇಳಿಸಿ ಎಡಭುಜಕ್ಕೆ ಕೂರಿಸಬೇಕು. ಹಾಕಿಕೊಳ್ಳುವುದಕ್ಕೂ ತೆಗೆಯುವುದಕ್ಕೂ ಇನ್ನೊಬ್ಬರು ಬೇಕು. ಮೆರವಣಿಗೆ ಹೊರಟರೆ ಎರಡು ಗಂಟೆ, ಮೂರು ಗಂಟೆ ಅದರೊಳಗೇ. ಬಾಯಾರಿದರೆ ಯಾರಾದರೂ ನೀರು ಹಿಡಿಯಬೇಕು. ಮೂತ್ರಕ್ಕೆ ಹೋಗುವ ಮಾತೇ ಇಲ್ಲ. ಮೆರವಣಿಗೆಯ ದಿನ ಮಧ್ಯಾಹ್ನದಿಂದಲೇ ನಾನು ನೀರು ಬಿಡುತ್ತಿದ್ದೆ.

ಕುಳ್ಳಿ ಹುಡುಗಿ, ದೊಡ್ಡ ಕೊಳವೆ. ಜನ ನೋಡಲಿಕ್ಕೆಂದೇ ಸೇರುತ್ತಿದ್ದರು, ಮೊಬೈಲ್ ಎತ್ತಿ ಹಿಡಿಯುತ್ತಿದ್ದರು. ಒಮ್ಮೆ ಠಾಣೆಯ ಒಂದು ಗಲ್ಲಿಯಲ್ಲಿ, ಮೊದಲ ಮಹಡಿಯ ಗ್ಯಾಲರಿಯಿಂದ ಒಬ್ಬ ಅಜ್ಜಿ ಕೂಗಿದ್ದಳು: "ಅಗಂ ಬಾಯೀ, ಪೋರ್ಗೀ ಅಡಕ್ಲೀ ಕೀ ಕಾಯ್ ತ್ಯಾತ್!" ಹುಡುಗಿ ಅದರಲ್ಲಿ ಸಿಕ್ಕಿಕೊಂಡಳೇನೇ ಎಂದು. ಬ್ಯಾಂಡಿನವರೆಲ್ಲ ನಕ್ಕರು, ಮಾವನೂ. ನಾನೂ ನಕ್ಕಿರಬೇಕು. ಊದುತ್ತಿರುವಾಗ ನಗುವುದು ಹೇಗೆ ಎಂದು ಈಗ ಯೋಚಿಸುತ್ತೇನೆ. ಬಹುಶಃ ನಕ್ಕಿರಲಿಲ್ಲ.

ಆಮೇಲೆ ಬುಕಿಂಗಿಗೆ ಬರುವವರು "ವೋ ಲಡ್ಕೀವಾಲಾ ಬ್ಯಾಂಡ್", ಆ ಹುಡುಗಿಯಿರುವ ಬ್ಯಾಂಡ್, ಎಂದು ಕೇಳಿಕೊಂಡು ಬರತೊಡಗಿದರು. ಮಾವನ ಮಗಳೂ ಬ್ಯಾಂಡಿನಲ್ಲಿದ್ದಳು, ಟ್ರಂಪೆಟ್. ಹಾಡಿನ ಧಾಟಿ ಅವಳದು. ಅವಳು ಊದಿದರೆ ಕುದುರೆಯ ಮೇಲಿನ ಮದುಮಗನೂ ಕಾಲು ಆಡಿಸುತ್ತಿದ್ದ. ಆದರೆ ಜನ ವಿಡಿಯೊ ಮಾಡುತ್ತಿದ್ದದ್ದು ನನ್ನನ್ನು.

ಬಿ.ಎ. ಮುಗಿಯುವ ವರ್ಷ ಧಾರವಾಡದಲ್ಲಿ ಕನ್ನಡ ಎಂ.ಎ.ಗೆ ನನಗೆ ಸೀಟು ಸಿಕ್ಕಿತು, ಹಾಸ್ಟೆಲ್ ಸಮೇತ. ಜುಲೈ ಮೊದಲ ವಾರದೊಳಗೆ ಹೋಗಿ ಸೇರಬೇಕು. ಸಂಜೆ ಮಾವ ಕ್ಯಾಂಟೀನಿನಿಂದ ಬಂದು ಕೂತಿದ್ದಾಗ ಹೇಳಿದೆ. ಕಾರ್ಖಾನೆಗಳ ವಾಸನೆ ಏಳುವ ಹೊತ್ತು ಅದು, ಕಿಟಕಿಗಳನ್ನೆಲ್ಲ ಮುಚ್ಚಿರುತ್ತಿದ್ದೆವು. ನಾವು ಅಭ್ಯಾಸ ಮಾಡುತ್ತಿದ್ದುದೂ ಆ ಮುಚ್ಚಿದ ಕೋಣೆಯಲ್ಲೇ. ನಾನು ಒಂದು ಸ್ವರ ಊದಿದರೆ ಕಪಾಟಿನ ಸ್ಟೀಲ್ ಲೋಟಗಳು ನಡುಗುತ್ತಿದ್ದವು.

ಮಾವ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಸುಲಭವಿತ್ತು.

"ಹೋಗು ಮಗಾ. ಓದುವವಳನ್ನು ಬೇಡ ಹೇಳುವವ ನಾನಲ್ಲ," ಎಂದರು. "ಆದರೆ ಬೇಸ್ ಯಾರು ಹಿಡಿಯುವುದು ಅಂತ ನೀನೇ ಹೇಳಿ ಹೋಗು."

ಅಮ್ಮ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲಿಸಿದ್ದಳು.

"ಒಬ್ಬ ಗಂಡಸನ್ನು ಇಟ್ಟುಕೊಂಡರೆ ಆಗ್ತದಲ್ಲ ಮಾವ? ಕಲ್ಯಾಣದಲ್ಲಿ ಎಷ್ಟೋ ಜನ ಇದ್ದಾರೆ."

"ಇದ್ದಾರೆ. ಗಂಡಸನ್ನು ನೋಡ್ಲಿಕ್ಕೆ ಯಾರು ಬರ್ತಾರೆ ಮಾರಾಯ್ತಿ?" ನಕ್ಕರು. ಆಮೇಲೆ ನಗದೆ ಹೇಳಿದರು: "ನಾನು ನನ್ನ ಮಾವನ ಹಿಂದೆ ಹನ್ನೊಂದು ವರ್ಷ ಶ್ರುತಿ ಹಿಡಿದವ. ಗೊತ್ತುಂಟಾ? ಹನ್ನೊಂದು ವರ್ಷ ಒಂದೇ ಸ್ವರ. ನಿನ್ನದು ಮೂರು ವರ್ಷ ಆಗ್ಲಿಲ್ಲ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೇವಸ್ಥಾನದ ವಾದ್ಯದಲ್ಲಿ ಹಾಡು ಊದುವವನ ಪಕ್ಕ ಒಬ್ಬ ಉದ್ದ ಕೊಳವೆಯೊಂದನ್ನು ಹಿಡಿದು ಆಧಾರ ಸ್ವರವನ್ನು ಮಾತ್ರ ಊದುತ್ತಾನೆ. ಪೂಜೆ ಮುಗಿಯುವ ತನಕ ಬಿಡುವ ಹಾಗಿಲ್ಲ, ಏರಿಸುವ ಇಳಿಸುವ ಹಾಗಿಲ್ಲ. ಅದು ಮನೆಯ ಚಿಕ್ಕವರ ಕೆಲಸ, ಸಾಮಾನ್ಯವಾಗಿ ಸೋದರಳಿಯಂದಿರದು. ಅವರ ಸರದಿ ಬಂದಾಗ ಹಾಡು ಸಿಗುತ್ತದೆ, ಇಲ್ಲವಾದರೆ ಇಲ್ಲ. ಮಾವನಿಗೆ ಬೇಸ್ ಎಂದರೆ ಅದೇ. ಬೇರೆ ಬ್ಯಾಂಡುಗಳಲ್ಲಿ ಬೇಸ್‌ನವರು ತಾಳಕ್ಕೆ ಸರಿಯಾಗಿ ಕುಣಿಯುತ್ತಾ ಊದುತ್ತಿದ್ದರು. ನಮ್ಮದರಲ್ಲಿ ನಾನು ಸಾ ಹಿಡಿದು, ಅವರು ಕಣ್ಣು ತೋರಿಸಿದರೆ ಪಾ ಮುಟ್ಟಿ, ಮತ್ತೆ ಸಾಗೆ ಬರುತ್ತಿದ್ದೆ. ಅವರು ನನಗೆ ಅನ್ಯಾಯ ಮಾಡುತ್ತಿದ್ದೇನೆ ಎಂದುಕೊಂಡಿರಲಿಲ್ಲ. ಮನೆತನದ ಕೆಲಸವನ್ನು ಹೆಣ್ಣುಮಗಳಿಗೂ ಕೊಟ್ಟೆ ಎಂದುಕೊಂಡಿದ್ದರು. ಇದು ನನಗೆ ಆಗಲೂ ಅರ್ಥವಾಗುತ್ತಿತ್ತು, ಅದಕ್ಕೇ ಬೇಡ ಎನ್ನಲು ಆಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ನಮ್ಮ ಹಳೆಯ ಬೇಸ್ ಒಡೆಯಿತು. ಅದು ಚಿಕ್ಕ ಅಳತೆಯದು, ಎಷ್ಟೋ ಕಡೆ ಬೆಸುಗೆ ಹಾಕಿಸಿಕೊಂಡದ್ದು. ಲೋಕಲ್ ರೈಲಿನ ಲಗೇಜ್ ಡಬ್ಬದಿಂದ ಇಳಿಸುವಾಗ ಕೊಳವೆಯ ತಿರುವು ಬಿರುಕು ಬಿಟ್ಟು, ಊದಿದರೆ ಗಾಳಿ ನನ್ನ ಪಕ್ಕೆಗೆ ಬರುತ್ತಿತ್ತು. ರಿಪೇರಿಯವನು ಇನ್ನು ಆಗದು ಎಂದ. ನನಗೆ ಒಂದು ವಾರ ಹಬ್ಬ. ಬೇಸ್ ಇಲ್ಲದಿದ್ದರೆ ಬೇಸ್ ಹಿಡಿಯುವವಳೂ ಬೇಡ ಎಂದು ಲೆಕ್ಕ ಹಾಕಿದ್ದೆ. ಆದರೆ ಆ ರಿಪೇರಿಯವನ ಅಂಗಡಿಯಲ್ಲೇ ಮಾರಲಿಕ್ಕಿದ್ದ ಬೇಸ್‌ಗಳು ಮೂರಿದ್ದವು. ಮಾವ ನನ್ನನ್ನು ಕರೆದುಕೊಂಡು ಹೋದರು. "ಹಾಕುವವಳು ನೀನು, ನೀನೇ ನೋಡು."

ಅಂಗಡಿ ಕಲ್ಯಾಣ ಸ್ಟೇಶನ್ನಿನಿಂದ ಹಳೆಯ ಪೇಟೆಗೆ ಹೋಗುವ ಒಂದು ಗಲ್ಲಿಯಲ್ಲಿತ್ತು. ಉದ್ದಕ್ಕೆ ಓಣಿಯಂಥ ಜಾಗ. ಗೋಡೆಯ ತುಂಬ ತೂತು ಬಿದ್ದ ಟ್ರಂಪೆಟುಗಳು, ಚರ್ಮ ಹೋದ ಢೋಲುಗಳು. ಫ್ಯಾನ್ ಇತ್ತು ಎಂದು ನೆನಪಿಲ್ಲ, ಸೆಖೆ ನೆನಪಿದೆ.

ಮೊದಲನೆಯದು ಹಿತ್ತಾಳೆಯದು, ಬಳೆಯಂಥದೇ, ಪೂರ್ತಿ ಅಳತೆಯದು. ಖಾಲಿ ಗ್ಯಾಸ್ ಸಿಲಿಂಡರಿನಷ್ಟು ಭಾರ. ತಲೆಯ ಮೇಲಿಂದ ಇಳಿಸಿದಾಗ ಅದು ನನ್ನ ಭುಜದಲ್ಲಿ ನಿಲ್ಲದೆ ಸೊಂಟಕ್ಕೆ ಜಾರಿತು. ಮೌತ್‌ಪೀಸ್ ನನ್ನ ಗಲ್ಲದ ಕೆಳಗೆ ಬಂತು. ಸ್ಟೂಲ್ ಮೇಲೆ ಕೂತು, ಕೆಳಗೆ ಗೋಣಿಚೀಲ ಮಡಿಸಿ ಇಟ್ಟು ಊದಿದೆ. ಸದ್ದು ಕಿವಿಗೆ ಬರುವ ಮೊದಲು ಕಾಲಡಿಗೆ ಬಂತು. ನೆಲವೇ ಮಾತಾಡಿದ ಹಾಗೆ. ಒಳ್ಳೆಯ ಸದ್ದು, ಆದರೆ ಅದನ್ನು ತುಂಬಲು ನನ್ನ ಉಸಿರು ಸಾಲಲಿಲ್ಲ. ಸ್ವರ ಮಧ್ಯದಲ್ಲಿ ಸೊಟ್ಟಗಾಯಿತು. ಮಾವ ತಲೆಯಾಡಿಸಿದರು, ಬೇಡ.

ಎರಡನೆಯದೂ ಬಳೆಯದೇ, ಆದರೆ ಫೈಬರಿನದು, ಬಿಳಿ. ರಿಪೇರಿಯವನು ಒಂದೇ ಕೈಯಲ್ಲಿ ಎತ್ತಿ ತಂದ. ಹಾಕಿಕೊಂಡಾಗ ಹಾಕಿಕೊಂಡೆ ಎಂದೇ ಅನ್ನಿಸಲಿಲ್ಲ. ಭುಜಕ್ಕೆ ಸರಿಯಾಗಿ ಕೂತಿತು. ಕೈ ಬಿಟ್ಟರೂ ಅಲ್ಲಾಡದೆ ತನ್ನಷ್ಟಕ್ಕೆ ನಿಂತಿತು. ಎದ್ದು ಒಂದು ಸುತ್ತು ತಿರುಗಿದೆ, ಅದೂ ನನ್ನ ಜೊತೆ ತಿರುಗಿತು. ಸದ್ದು ಮಾತ್ರ ತೆಳು. ಮುಚ್ಚಿದ ಬಾಗಿಲ ಆಚೆ ಯಾರೋ ಮಾತಾಡಿದ ಹಾಗೆ, ಸ್ವರದ ಅಂಚು ಒರೆಸಿಹೋದ ಹಾಗೆ. ಆದರೂ ಬೀದಿಗೆ ಸಾಕಿತ್ತು. ಢೋಲುಗಳ ಮಧ್ಯೆ ಆ ಅಂಚನ್ನು ಕೇಳುವವರು ಯಾರು?

ಅದರೊಳಗೆ ನಿಂತಾಗ ನನಗೆ ಹೆದರಿಕೆಯಾಯಿತು. ಅಷ್ಟು ಸರಿಹೋಗಿತ್ತು ಅದು ನನಗೆ. ಇದು ಮನೆಗೆ ಬಂದರೆ "ನಿನಗೇ ಅಂತ ತಂದದ್ದು" ಎನ್ನುತ್ತಾರೆ, ಅದು ನಿಜವೂ ಆಗಿರುತ್ತದೆ. ಇದು ಒಡೆಯುವ ತನಕ ನಾನು ಇದರೊಳಗೇ. ಫೈಬರ್ ಅಷ್ಟು ಬೇಗ ಒಡೆಯುವುದಿಲ್ಲ.

ಮಾವ ಚಹಾ ಹೇಳಲು ಗಲ್ಲಿಯ ತುದಿಗೆ ಹೋದರು. ಮೂರನೆಯದು ಮೂಲೆಯಲ್ಲಿತ್ತು. ಅದು ಬಳೆಯಲ್ಲ. ಎಡಭುಜದ ಮೇಲೆ ಫಿರಂಗಿಯ ಹಾಗೆ ಇಟ್ಟುಕೊಳ್ಳುವಂಥದು, ಬಾಯಿ ನೇರ ಮುಂದಕ್ಕೆ. ಯಾವುದೋ ಶಾಲೆಯ ಕವಾಯತಿನ ಬ್ಯಾಂಡಿನಿಂದ ಬಂದದ್ದಂತೆ. ನಾನು ಅದನ್ನು ಎತ್ತಿ ಭುಜಕ್ಕೆ ಇಟ್ಟು ಬಾಗಿಲ ತನಕ ನಡೆದೆ. ನಾಲ್ಕು ಹೆಜ್ಜೆ. ಪ್ರತಿ ಹೆಜ್ಜೆಗೆ ಮುಂದಿನ ಬಾಯಿ ತಲೆದೂಗಿತು, ತಲೆದೂಗಿದಾಗೆಲ್ಲ ಮೌತ್‌ಪೀಸ್ ತುಟಿಗೆ ಬಡಿಯಿತು. ಎರಡು ಕೈಯಲ್ಲಿ ಒತ್ತಿ ಹಿಡಿದರೂ ಅಷ್ಟೇ. ಭಾರವೆಲ್ಲ ಮುಂದೆ, ನನ್ನಂಥ ಕುಳ್ಳಿಗೆ ಅದನ್ನು ಹಿಂದಕ್ಕೆಳೆದು ಸಮ ಮಾಡಲು ಮೈಯೇ ಇಲ್ಲ. ರಿಪೇರಿಯವನು ನೋಡುತ್ತಿದ್ದ. ನಾನು ಅದನ್ನು ಮತ್ತೆ ಮೂಲೆಗೆ ಇಟ್ಟೆ.

ಮಾವ ಬಂದರು. ಆ ಬೇಸ್‌ಗೆ ಒಂದು ಗುಣವಿತ್ತು. ಊದುವ ಕೊಳವೆಯನ್ನು ಬಿಚ್ಚಿ ಬೇರೆಯದನ್ನು ಸಿಕ್ಕಿಸಿದರೆ, ಬಾಯಿ ಮೇಲಾಗಿ ತೊಡೆಯ ಮೇಲೆ ಕೂರಿಸಿಕೊಂಡು ಊದಬಹುದು. ಮಾವ ಅದನ್ನೇ ಕೇಳಿದರು. ಕೂತು ಊದದೆ ಶ್ರುತಿ ಗೊತ್ತಾಗುವುದು ಹೇಗೆ? ಅವರ ಮನೆತನದಲ್ಲಿ ವಾದ್ಯವನ್ನು ನೋಡುತ್ತಿದ್ದುದೇ ಹಾಗೆ. ದೇವರ ಮುಂದೆ ಕೂತು ಊದುವುದು, ಇಲ್ಲವೇ ನಿಂತು. ನಡೆದರೂ ದೇವರ ಹಿಂದೆ ಇರುವೆಯ ಹೆಜ್ಜೆ. ಬೀದಿ ಸಿಕ್ಕಿ ಇಪ್ಪತ್ತು ವರ್ಷವಾಗಿದ್ದರೂ ಅವರ ಕಿವಿ ಬೀದಿಗೆ ಬಂದಿರಲಿಲ್ಲ.

ತೊಡೆಯ ಮೇಲೆ ಇಟ್ಟುಕೊಂಡು ಸಾ ಹಿಡಿದೆ. ಮಾವ ಸ್ಯಾಕ್ಸೋಫೋನ್ ತಂದಿದ್ದರು, ಕಣ್ಣು ಮುಚ್ಚಿ ಒಂದು ರಾಗ ತೆಗೆದರು. ಯಾವ ರಾಗ ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಗೊತ್ತಿಲ್ಲ. ನನ್ನ ಸ್ವರ ದುಂಡಗೆ, ಬೆಚ್ಚಗೆ, ಎಲ್ಲೂ ಅಲುಗದೆ ನಿಂತಿತ್ತು. ಮೂರರಲ್ಲಿ ಅದೇ ಶ್ರೇಷ್ಠ ಸದ್ದು, ಅದರಲ್ಲಿ ಸುಳ್ಳಿಲ್ಲ. ಗಲ್ಲಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಮಾವ ಕಣ್ಣು ತೆರೆದಾಗ ಅವರು ಡೊಂಬಿವಲಿಯಲ್ಲೂ ಇರಲಿಲ್ಲ, ಕಲ್ಯಾಣದಲ್ಲೂ ಇರಲಿಲ್ಲ.

"ಇದು ಶ್ರುತಿ," ಎಂದರು.

ರಿಪೇರಿಯವನು ಕೆಮ್ಮಿದ. "ಅಣ್ಣಾ, ಜರಾ ಚಲ್ ಕೇ ದೇಖ್ ಲೋ. ಖಾಂದೇ ಪೇ ಅಲಗ್ ಹೋತಾ ಹೈ." ನಡೆದು ನೋಡಿ, ಭುಜದ ಮೇಲೆ ಅದು ಬೇರೆಯೇ ಎಂದು.

"ಚಲ್‌ನೇ ಕಾ ಕ್ಯಾ ಹೈ! ಚಲ್‌ತೀ ತೋ ಗಾಯ್ ಭೀ ಹೈ. ಸುರ್ ಸುನೋ ಸುರ್!" ನಡೆಯುವುದಕ್ಕೇನು, ಹಸುವೂ ನಡೆಯುತ್ತದೆ, ಸ್ವರ ಕೇಳು ಎಂದು ಮಾವ ಅವನ ಬೆನ್ನು ತಟ್ಟಿದರು. ಆಮೇಲೆ ನನ್ನತ್ತ ತಿರುಗಿದರು. "ನಡೀಲಿಕ್ಕೆ ಆಗ್ತದಲ್ಲ ಮಗಾ?"

ಈ ಜಾಗಕ್ಕೆ ಬಂದಾಗ ನಾನು ಪ್ರತಿಸಲ ನಿಲ್ಲುತ್ತೇನೆ. ನನಗೆ ತಿಳಿಯದೆ ಹೇಳಿದೆನೆಂದು ಬರೆಯಬಹುದಿತ್ತು. ಆದರೆ ಯೋಚಿಸಿ ಹೇಳಿದ್ದೆ. ಇದನ್ನು ಹೊತ್ತು ನಾನು ನಡೆಯಲಾರೆ, ಆದ್ದರಿಂದ ಮಾವ ಗಂಡಸನ್ನು ಇಡಲೇಬೇಕಾಗುತ್ತದೆ, ಆದ್ದರಿಂದ ಧಾರವಾಡ. ಇಷ್ಟೂ ಆ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಸಾಲಾಗಿ ನಿಂತಿತ್ತು.

"ಆಗ್ತದೆ ಮಾವ," ಎಂದೆ.

ರಿಪೇರಿಯವನು ನನ್ನನ್ನು ನೋಡಿದ, ರಸೀದಿ ಪುಸ್ತಕ ತೆಗೆದ. ಅವನ ಸರಕು ಹೋಗುತ್ತಿತ್ತು.

ಅದರ ಮುಂದಿನ ವಾರ ಕಲ್ಯಾಣದಲ್ಲೇ ಒಂದು ಮೆರವಣಿಗೆ. ಮೊದಲ ಹಾಡಿಗೇ ತುಟಿ ಊದಿಕೊಂಡಿತು. ಎರಡನೆಯದರಲ್ಲಿ ರಕ್ತದ ರುಚಿ. ಬಳೆಯ ಬೇಸ್ ಜನರ ತಲೆಯ ಮೇಲಿಂದ ಸದ್ದು ಚೆಲ್ಲುತ್ತಿತ್ತು. ಇದು ಮುಂದೆ ಹೋಗುವವನ ಬೆನ್ನಿಗೆ ಮಾತ್ರ ಊದುತ್ತಿತ್ತು, ಹಿಂದಿನ ಢೋಲಿನವರಿಗೆ ಏನೂ ಕೇಳದೆ ತಾಳ ಜಾರುತ್ತಿತ್ತು. "ಬೇಸ್ ಕಿಧರ್ ಗಯಾ? ಉಪವಾಸ್ ಹೈ ಕ್ಯಾ ಆಜ್?" ಬೇಸ್ ಎಲ್ಲಿ ಹೋಯಿತು, ಇವತ್ತು ಉಪವಾಸವಾ ಎಂದು ಒಬ್ಬ ಹಿಂದಿನಿಂದ ಕೂಗಿದ. ತುಟಿ ಒಡೆದದ್ದು ನಿಜ. ಆದರೆ ಒಡೆಯಲಿ ಎಂದು ನಾನೇ ಮುಖವನ್ನು ಮುಂದೆ ಕೊಟ್ಟೆನೇ? ಕೊಟ್ಟೆ ಎಂದು ಒಮ್ಮೊಮ್ಮೆ ಖಚಿತವಾಗಿ ಅನ್ನಿಸುತ್ತದೆ. ತಪ್ಪೊಪ್ಪಿಕೊಂಡರೆ ಹಗುರವಾಗುತ್ತದೆಂದು ಈ ನೆನಪನ್ನು ನಾನೇ ಹೊಲಿದುಕೊಂಡಿರಲೂಬಹುದು.

ನಾನು ರಸ್ತೆಯ ಮಧ್ಯೆ ನಿಂತುಬಿಟ್ಟೆ. ಕುದುರೆ ನಿಂತಿತು. ಮದುಮಗನ ಕಡೆಯವರು ಬೈಯತೊಡಗಿದರು. ಮಾವ ಸ್ಯಾಕ್ಸೋಫೋನ್ ಇಳಿಸಿ ಸುತ್ತ ನೋಡಿದರು. ಅವರು ಗಂಡಸರಲ್ಲಿ ಯಾರನ್ನಾದರೂ ಕರೆಯುತ್ತಾರೆ ಎಂದು ನಾನು ಕಾಯುತ್ತಿದ್ದೆ.

ಅವರು ಯಾರನ್ನೂ ಕರೆಯುವ ಮೊದಲೇ ಮಾವನ ಮಗಳು ತನ್ನ ಟ್ರಂಪೆಟನ್ನು ಪಕ್ಕದವನ ಕೈಗೆ ತುರುಕಿ ಬಂದಳು.

"ದೇ ಇಧರ್, ಅಕ್ಕ," ಇಲ್ಲಿ ಕೊಡು ಎಂದಳು. ಕನ್ನಡವೂ ತುಳುವೂ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಭುಜದಿಂದ ಅದನ್ನು ಎತ್ತಿಕೊಂಡಳು. ತನ್ನ ಎತ್ತರಕ್ಕೆ ಕೂರಿಸಿಕೊಂಡು ನಾಲ್ಕೈದು ಹೆಜ್ಜೆ ನಡೆದಳು. ಅವಳಿಗೂ ಬಡಿಯಿತು. ತಲೆ ಹಿಂದಕ್ಕೆ ಹೋದದ್ದು ನನಗೆ ಕಂಡಿತು. ನಿಂತು, ತಿರುಗಿ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಮೊಣಕಾಲು ಸ್ವಲ್ಪ ಬಗ್ಗಿಸಿ, ಹೊಟ್ಟೆ ಮುಂದೆ ಚಾಚಿ, ಬಸುರಿಯ ಹಾಗೆ ಹೆಜ್ಜೆ ಹಾಕುತ್ತ ಸಾ ಹಿಡಿದಳು.

ಜನ ಮೊಬೈಲ್ ಎತ್ತಿದರು. ಮಾವನ ಮುಖ ಸಡಿಲವಾಯಿತು. ಲಡ್ಕೀವಾಲಾ ಬ್ಯಾಂಡ್ ಲಡ್ಕೀವಾಲಾ ಬ್ಯಾಂಡ್ ಆಗಿಯೇ ಉಳಿಯಿತು.

ಇದೊಂದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಹಾಡಿನ ಧಾಟಿಯನ್ನೇ ಹೊತ್ತವಳನ್ನು ಯಾರು ಬೇಸ್‌ಗೆ ತರುತ್ತಾರೆ ಎಂದುಕೊಂಡಿದ್ದೆ. ಟ್ರಂಪೆಟ್ ಊದುವವರು ಕಲ್ಯಾಣದಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆನೇ? ಕೊಡುತ್ತಿದ್ದೆ ಎಂದು ಬರೆಯಲು ಕೈ ಏಳುವುದಿಲ್ಲ.

ಜುಲೈಯಲ್ಲಿ ನಾನು ಧಾರವಾಡಕ್ಕೆ ಹೋದೆ. ಹಾಸ್ಟೆಲಿನ ಕೋಣೆಗೆ ದೊಡ್ಡ ಕಿಟಕಿ ಇತ್ತು, ಮುಚ್ಚಬೇಕಾಗಿರಲಿಲ್ಲ. ನಾನು ಖುಷಿಯಾಗಿದ್ದೆನೇ? ಆ ವರ್ಷದ ಡೈರಿ ತುಂಬ ಪುಸ್ತಕಗಳಿವೆ, ಮಳೆ ಇದೆ, ಗೆಳತಿಯರಿದ್ದಾರೆ. ಭಾನುವಾರದ ಪುಟಗಳು ಮಾತ್ರ ಗಿಡ್ಡ. ಭಾನುವಾರ ಅಮ್ಮ ಫೋನು ಮಾಡುತ್ತಿದ್ದಳು. ಮಾವನ ಮಗಳು ಭುಜಕ್ಕೆ ಟವೆಲ್ ಮಡಿಸಿ ಕಟ್ಟಿಕೊಳ್ಳುತ್ತಾಳಂತೆ, ತುಟಿಗೆ ತುಪ್ಪ ಹಚ್ಚುತ್ತಾಳಂತೆ, ಮಾವ ಅವಳ ಶ್ರುತಿಯನ್ನು ನನ್ನದಕ್ಕಿಂತ ಗಟ್ಟಿ ಎನ್ನುತ್ತಾರಂತೆ. ಫೋನಿಟ್ಟ ಮೇಲೆ ನಾನು ಕಿಟಕಿಯ ಹತ್ತಿರ ಹೋಗದೆ ಹಾಸಿಗೆಯ ಮೇಲೆ ಕೂತಿರುತ್ತಿದ್ದೆ. ಅಷ್ಟು ದೂರ ಬಂದೂ ಯಾರೋ ಬಂದು ಮೇಲಿಂದ ಎತ್ತಿ ಬಿಡಿಸಬೇಕು ಎಂಬ ಹಾಗೆ.

ಮೂರು ಮದುವೆ ಕಾಲ ಅವಳು ಅದನ್ನು ಹೊತ್ತಳು. ಆಮೇಲೆ ಕೊರೊನಾದ ಎರಡು ವರ್ಷ ಮದುವೆಗಳು ಮೆರವಣಿಗೆಯಿಲ್ಲದೆ ನಡೆದವು. ಬ್ಯಾಂಡಿನವರು ಅಲ್ಲಿ ಇಲ್ಲಿ ಚದುರಿಹೋದರು, ಮತ್ತೆ ಕೂಡಲಿಲ್ಲ. ಮಾವ ಈಗ ಪೂಜೆಗಳಲ್ಲಿ ಕೂತು ಸ್ಯಾಕ್ಸೋಫೋನ್ ಊದುತ್ತಾರೆ, ಅಲ್ಲಿ ಶ್ರುತಿಗೆ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಇದೆ. ಅವಳು ಕಲ್ಯಾಣದ ಒಂದು ಆಸ್ಪತ್ರೆಯ ಕೌಂಟರಿನಲ್ಲಿದ್ದಾಳೆ. ಟ್ರಂಪೆಟ್ ಮುಟ್ಟುವುದಿಲ್ಲ. ಬೇಸ್‌ನ ದೊಡ್ಡ ಮೌತ್‌ಪೀಸಿಗೆ ತುಟಿ ಒಗ್ಗಿಹೋದರೆ ಚಿಕ್ಕದಕ್ಕೆ ಮರಳುವುದು ಕಷ್ಟ ಎನ್ನುತ್ತಾರೆ. ಅದು ನಿಜವೇ, ಅಥವಾ ಅವಳು ಅಷ್ಟಕ್ಕೇ ಬಿಟ್ಟಳೇ, ನನಗೆ ತಿಳಿಯದು.

ನಾನೀಗ ನವಿ ಮುಂಬಯಿಯ ಸಾನಪಾಡಾದಲ್ಲಿದ್ದೇನೆ, ವಾಶಿಯ ಒಂದು ಕಚೇರಿಯಲ್ಲಿ ಅನುವಾದದ ಕೆಲಸ. ಹೋದ ತಿಂಗಳು ಅವಳು ಒಂದು ಮಧ್ಯಾಹ್ನ ಬಂದಿದ್ದಳು. ನೀರ್ ದೋಸೆ ಹುಯ್ಯುತ್ತಿದ್ದೆ, ಅವಳು ಕಟ್ಟೆಯ ಮೇಲೆ ಹತ್ತಿ ಕೂತು ತಿನ್ನುತ್ತಿದ್ದಳು. ಮೇಲ್ತುಟಿಯ ಒಳಗೆ ಒಂದು ಗಂಟು ಇದೆ, ಬಿಸಿ ತಾಗಿದರೆ ಅವಳು ಬಾಯಿಯನ್ನು ಒಂದು ಬದಿಗೆ ಎಳೆಯುತ್ತಾಳೆ. ಅದನ್ನು ನೋಡುತ್ತಲೇ ನಾನು ಅಂಗಡಿಯ ಕಥೆಯನ್ನೆಲ್ಲ ಹೇಳಿದೆ. ಚಹಾ, ನಾಲ್ಕು ಹೆಜ್ಜೆ, "ಆಗ್ತದೆ ಮಾವ".

ಅವಳು ಪೂರ್ತಿ ಕೇಳಿಸಿಕೊಂಡಳು. ಆಶ್ಚರ್ಯಪಡಲಿಲ್ಲ. "ಔರ್ ಏಕ್ ಡಾಲ್, ಪತ್ಲಾ ವಾಲಾ," ಇನ್ನೊಂದು ಹಾಕು, ತೆಳ್ಳಗಿನದು ಎಂದು ತಟ್ಟೆ ಚಾಚಿದಳು.

ನಾನು ದೋಸೆ ಹಾಕಿದೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ. ಅವಳು ತಿಂದಳು, ಕೈ ತೊಳೆದಳು, ಸ್ಟೇಶನ್ನಿಗೆ ರಿಕ್ಷಾ ಸಿಗುತ್ತದಾ ಎಂದು ವಿಚಾರಿಸಿದಳು. ಆಮೇಲೂ ದಿನಾ ಫೋನಿನಲ್ಲಿ ಏನೇನೋ ಕಳಿಸುತ್ತಾಳೆ, ಆ ಉತ್ತರವೊಂದನ್ನು ಬಿಟ್ಟು. ನಾನು ಕೇಳಿದ್ದು ಇಷ್ಟೇ:

"ಆ ದಿನ ರಸ್ತೆಯಲ್ಲಿ ನಾಲ್ಕು ಹೆಜ್ಜೆಗೇ ನಿನಗೆ ಗೊತ್ತಾಗಿತ್ತಲ್ಲ, ಇದು ಹೊತ್ತು ನಡೆಯುವಂಥದ್ದಲ್ಲ ಅಂತ, ನಾನು ಸುಳ್ಳು ಹೇಳಿದ್ದೆ ಅಂತ. ಮತ್ತೆ ಮಾವನಿಗೆ ಯಾಕೆ ಹೇಳಲಿಲ್ಲ ನೀನು?"